ಎತ್ತಿ ಕಟ್ಟಿದ ಪಂಚೆ: ರಾಲಿಯ ಕನ್ನಡ ಗಂಡಸರ ಉಡುಗೆ ಮತ್ತು ಸಿನಿಮಾ ಪಾತ್ರಗಳು

ಅಮೆರಿಕದ ನಾರ್ತ್ ಕ್ಯಾರೊಲೈನಾದ ರಾಲಿ ಸೀಮೆಯ ಕನ್ನಡ ಕಾರ್ಯಕ್ರಮಗಳಿಗೆ ಹೋಗಿಬರುವವರು ಸಭಾಂಗಣದ ಹೊರಗಿನ ಪಾರ್ಕಿಂಗ್ ಜಾಗದಲ್ಲಿ ಒಂದು ನೋಟವನ್ನು ಕಂಡೇ ಇರುತ್ತಾರೆ. ಕಾರಿನ ಮುಂದಿನ ಬಾಗಿಲನ್ನೂ ಹಿಂದಿನ ಬಾಗಿಲನ್ನೂ ತೆರೆದಿಟ್ಟು, ಆ ಎರಡರ ಮರೆಯಲ್ಲಿ ನಿಂತ ಗಂಡಸು ಪ್ಯಾಂಟಿನ ಮೇಲೆಯೇ ಪಂಚೆ ಸುತ್ತಿಕೊಳ್ಳುತ್ತಿರುತ್ತಾನೆ. ಹೆಂಡತಿ ಎರಡು ಪಿನ್ನುಗಳನ್ನು ತುಟಿಯಲ್ಲಿ ಕಚ್ಚಿಕೊಂಡು ನೆರಿಗೆ ಹಿಡಿದಿರುತ್ತಾಳೆ. ಎಲ್ಲದರ ಮೇಲೆ ಆಫೀಸಿನ ಬೆಲ್ಟು ಬಿಗಿಯುತ್ತದೆ. ಮೊಬೈಲು, ಕಾರಿನ ಕೀ ಎಲ್ಲಿಡುವುದೆಂಬ ಪ್ರಶ್ನೆ ಮಾತ್ರ ಉಳಿಯುತ್ತದೆ. ಐದು ನಿಮಿಷದ ಬಳಿಕ ಅದೇ ಮನುಷ್ಯ ಒಳಗೆ, ಎಡಗೈಯಲ್ಲಿ ಪಂಚೆಯ ಚುಂಗು ಹಿಡಿದು, ಎದೆ ಸೆಟೆಸಿ ಫೋಟೊಗೆ ನಿಂತಿರುತ್ತಾನೆ. ಆ ನಿಲುವು ಅವನ ಅಪ್ಪನದಲ್ಲ, ಪರದೆಯ ಮೇಲಿನ ಯಾವನೋ ನಾಯಕನದು.

ಪಾರ್ಕಿಂಗಿನ ಆ ಪೇಚಾಟಕ್ಕೂ ಒಳಗಿನ ಆ ನಿಲುವಿಗೂ ನಡುವೆ ಇರುವ ಅಂತರವೇ ಈ ಲೇಖನದ ವಸ್ತು. ಚೆನ್ನಾಗಿ ಉಡುವ ಸಿನಿಮಾ ಪಾತ್ರಗಳಿಂದ ಗಂಡಸರು ಏನು ಕಲಿಯಬೇಕು ಎಂದು ಹೇಳಿಕೊಡುವ ಬರಹಗಳಿಗೆ ಇಂಗ್ಲಿಷಿನಲ್ಲಿ ಬರವಿಲ್ಲ. ಅವೆಲ್ಲ ಪರದೆಯನ್ನು ಅಂಗಡಿಯ ಗಾಜಿನಂತೆ ನೋಡುತ್ತವೆ: ಇಂಥ ಸೂಟು, ಇಂಥ ಕಾಲರು, ಕೊಂಡುಕೊಳ್ಳಿ. ನನ್ನ ವಾದ ಬೇರೆ. ಸಿನಿಮಾ ಕಲಿಸುವುದು ಬಟ್ಟೆಯನ್ನಲ್ಲ, ಬಟ್ಟೆಯ ಅರ್ಥವನ್ನು ಮತ್ತು ಅದನ್ನು ಹೊತ್ತು ನಿಲ್ಲುವ ಭಂಗಿಯನ್ನು. ಉಳಿದದ್ದು ಮನೆಯಲ್ಲೇ ಸಿಗಬೇಕು. ಮನೆ ಬದಲಾದಾಗ ಏನಾಗುತ್ತದೆ ಎಂಬುದನ್ನು ರಾಲಿ, ಕ್ಯಾರಿ, ಮಾರಿಸ್‌ವಿಲ್‌ಗಳ ಕನ್ನಡ ಕುಟುಂಬಗಳ ನಡುವೆ ನಾನು ಕಂಡದ್ದನ್ನು ಆಧರಿಸಿ ಚರ್ಚಿಸುತ್ತೇನೆ.

ಮೊದಲು ಖಾಕಿ. ಅದರ ಹುಟ್ಟಿನ ಬಗ್ಗೆ ಎರಡು ಕಥೆಗಳಿವೆ. ಒಂದು ಪೇಶಾವರದ ಕಡೆಯದು. ಹ್ಯಾರಿ ಲಮ್ಸ್‌ಡನ್ ಎಂಬ ಅಧಿಕಾರಿ 1840ರ ದಶಕದ ಕೊನೆಯಲ್ಲಿ ತನ್ನ ಪಡೆಗೆ ಧೂಳಿನ ಬಣ್ಣದ ಬಟ್ಟೆ ತೊಡಿಸಿದ. ಇನ್ನೊಂದು ನಮ್ಮದೇ ಮಂಗಳೂರಿನದು. ಬಾಸೆಲ್ ಮಿಷನ್ನಿನ ನೇಯ್ಗೆ ಕಾರ್ಖಾನೆಯಲ್ಲಿ ಹಾಲರ್ ಎಂಬ ಜರ್ಮನ್ ನೇಕಾರ 1850ರ ದಶಕದ ಆರಂಭದಲ್ಲಿ ಈ ಬಣ್ಣ ಕೂಡಿಸಿದನೆಂದು ಕರಾವಳಿಯವರು ಹೆಮ್ಮೆಯಿಂದ ಹೇಳುತ್ತಾರೆ. ಯಾವುದು ಮೊದಲು ಎಂಬ ಜಗಳ ನನಗೆ ಬೇಡ. ಕನ್ನಡ ಸಿನಿಮಾ ಈ ಬಣ್ಣಕ್ಕೆ ಕೊಟ್ಟ ಅರ್ಥ ಮಾತ್ರ ಖಚಿತ: ಒಂದೋ ಪೊಲೀಸು, ಇಲ್ಲವೇ ಆಟೊ ಚಾಲಕ. 1980ರ ‘ಆಟೋ ರಾಜ’ದಲ್ಲಿ ಶಂಕರ್‌ನಾಗ್ ತೊಟ್ಟ ಖಾಕಿಯ ಗೌರವಕ್ಕೆ ಇವತ್ತಿಗೂ ಬೆಂಗಳೂರಿನ ಆಟೊಗಳ ಹಿಂಬದಿಯ ಸ್ಟಿಕ್ಕರುಗಳೇ ಸಾಕ್ಷಿ. ಆದರೆ ಅಮೆರಿಕದಲ್ಲಿ ಎರಡನೇ ಮಹಾಯುದ್ಧದಿಂದ ಮರಳಿದ ಸೈನಿಕರು ಅದೇ ಪ್ಯಾಂಟಿನಲ್ಲಿ ಕಾಲೇಜು ಸೇರಿದರು, ಕಾಲೇಜಿನಿಂದ ಅದು ಕಚೇರಿಗೆ ಹೋಯಿತು. 1959ರಲ್ಲಿ ರಾಲಿಯ ಬಳಿ ಶುರುವಾದ ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಕಚೇರಿಗಳಲ್ಲಿ ನಮ್ಮ ಎಂಜಿನಿಯರುಗಳು ವಾರಕ್ಕೈದು ದಿನ ತೊಡುವುದು ಅದನ್ನೇ. ಊರಿನಲ್ಲಿದ್ದರೆ ಖಾಕಿ ಪ್ಯಾಂಟು ಹಾಕಿ ಮದುವೆಮನೆಗೆ ಹೋಗುವುದಿರಲಿ, ಬೀದಿಗೂ ಇಳಿಯದವರು ಇವರು. ಬಟ್ಟೆ ಒಂದೇ, ನಿಘಂಟು ಎರಡು. ಹೊಸದಾಗಿ ಬಂದ ಗೆಳೆಯರೊಬ್ಬರು ಮೊದಲ ಸೋಮವಾರ ಸಹೋದ್ಯೋಗಿಗಳನ್ನು ನೋಡಿ, “ಇದೇನ್ರೀ, ಎಲ್ಲಾ ಆಟೊ ಸ್ಟ್ಯಾಂಡಿಂದ ಬಂದ ಹಾಗಿದ್ದಾರೆ” ಎಂದಿದ್ದರು. ಎರಡು ತಿಂಗಳಲ್ಲಿ ಅವರೂ ಅದೇ ಸ್ಟ್ಯಾಂಡು ಸೇರಿದರು.

ಡೆನಿಮ್ಮಿನ ಕಥೆ ಇದರ ತಿರುಗುಮುರುಗು. ಈ ಬಗೆಯ ದಪ್ಪ ಬಟ್ಟೆಗೆ ಇಂಗ್ಲಿಷಿನಲ್ಲಿರುವ ‘ಡಂಗರಿ’ ಎಂಬ ಹೆಸರು ಹೋದದ್ದು ಮುಂಬಯಿಯ ಡೋಂಗ್ರಿಯಿಂದ. ಬಟ್ಟೆ ಬೆಳೆದದ್ದು ಇಲ್ಲಿ. ರಾಲಿಯಿಂದ ಕಾರಿನಲ್ಲಿ ಒಂದೂವರೆ ಗಂಟೆಯಳತೆಯ ಗ್ರೀನ್ಸ್‌ಬರೋದಲ್ಲಿ ಕೋನ್ ಕುಟುಂಬದ ವೈಟ್ ಓಕ್ ಗಿರಣಿ 1905ರಿಂದ 2017ರ ಕೊನೆಯವರೆಗೆ ನಡೆಯಿತು. ಲೀವೈಸ್ ಕಂಪನಿಯ ಹೆಸರಾಂತ 501 ಜೀನ್ಸಿಗೆ ದಶಕಗಳ ಕಾಲ ಬಟ್ಟೆ ಹೋದದ್ದು ಅಲ್ಲಿಂದ. ಅದು ದುಡಿಮೆಗಾರನ ಬಟ್ಟೆಯಾಗಿತ್ತು. 1953ರ ‘ದಿ ವೈಲ್ಡ್ ಒನ್’ನ ಮಾರ್ಲನ್ ಬ್ರಾಂಡೊ, 1955ರ ‘ರೆಬೆಲ್ ವಿಥೌಟ್ ಎ ಕಾಸ್’ನ ಜೇಮ್ಸ್ ಡೀನ್ ಅದನ್ನು ಎದುರುತ್ತರದ ಹುಡುಗರ ಬಟ್ಟೆ ಮಾಡಿದರು. ನಮ್ಮಲ್ಲಿ ಆ ಕೆಲಸವನ್ನು ಎಲ್ಲರಿಗಿಂತ ಜೋರಾಗಿ ಮಾಡಿದ್ದು 1987ರ ‘ಪ್ರೇಮಲೋಕ’. ರವಿಚಂದ್ರನ್ ಬೈಕಿನ ಮೇಲೆ ಬಂದ ಮೇಲೆ ಜೀನ್ಸು, ಜಾಕೀಟು ಎಂದರೆ ಕಾಲೇಜು, ಪ್ರೀತಿ, ಅಪ್ಪನ ಮಾತು ಮೀರುವುದು ಎಂದಾಯಿತು. ಆ ಸಿನಿಮಾ ನೋಡಿ ಜೀನ್ಸಿಗಾಗಿ ಮನೆಯಲ್ಲಿ ಹಟ ಹಿಡಿದ ಹುಡುಗರೇ ಈಗ ಆ ಗಿರಣಿಯ ನೆರೆಯಲ್ಲಿ ಸಂಸಾರ ಹೂಡಿ, ಶನಿವಾರ ಹುಲ್ಲು ಕತ್ತರಿಸುವಾಗ ಜೀನ್ಸು ಹಾಕುತ್ತಾರೆ. ಅಮೆರಿಕಕ್ಕೆ ಬಂದು ಜೀನ್ಸು ಮತ್ತೆ ಕೂಲಿಯ ಬಟ್ಟೆಯಾಯಿತು.

ಅಮೆರಿಕದ ದಕ್ಷಿಣ ರಾಜ್ಯಗಳ ಸಿರಿವಂತರ ಬೇಸಿಗೆಯ ಸೂಟು ‘ಸೀರ್‌ಸಕರ್’ ಕೂಡ ಇಂಡಿಯಾದ ಹಾದಿಯಲ್ಲೇ ಬಂದದ್ದು. ಪಾರ್ಸಿಯ ಶೀರ್-ಓ-ಶಕ್ಕರ್, ಹಾಲು ಮತ್ತು ಸಕ್ಕರೆ, ಎಂದರೆ ನಯವೂ ಒರಟೂ ಬೆರೆತ ಪಟ್ಟೆ. ರಾಲಿಯ ಜುಲೈ ಸೆಕೆಗೆ ಇದಕ್ಕಿಂತ ಹೇಳಿ ಮಾಡಿಸಿದ ಬಟ್ಟೆಯಿಲ್ಲ. ಆದರೂ ಕನ್ನಡಿಗರೊಬ್ಬರೂ ಅದನ್ನು ತೊಟ್ಟದ್ದನ್ನು ನಾನು ನೋಡಿಲ್ಲ. ಕಾರಣ ಸರಳ: ಅದನ್ನು ತೊಟ್ಟು ತೋರಿಸಿದ ನಾಯಕ ನಮ್ಮ ಸಿನಿಮಾದಲ್ಲಿಲ್ಲ.

ಸೂಟಿನ ಮಾತು ಹಾಗಲ್ಲ. 1968ರ ‘ಜೇಡರ ಬಲೆ’ಯಿಂದ ಶುರುವಾದ ಸಿ.ಐ.ಡಿ 999 ಚಿತ್ರಗಳಲ್ಲಿ ರಾಜ್‌ಕುಮಾರ್ ಸೂಟು ತೊಟ್ಟು ಕನ್ನಡದ ಬಾಂಡ್ ಆದರು. ಆ ಚಿತ್ರಗಳನ್ನು ನಿರ್ದೇಶಿಸಿದ ದೊರೈ–ಭಗವಾನ್ ಜೋಡಿಯದೇ 1971ರ ‘ಕಸ್ತೂರಿ ನಿವಾಸ’ದಲ್ಲಿ ಸೂಟಿಗೆ ಬೇರೆಯೇ ಗತಿ. ಬೆಂಕಿಪೊಟ್ಟಣದ ಕಾರ್ಖಾನೆಯ ಯಜಮಾನ ಕೊಟ್ಟು ಕೊಟ್ಟು ಬರಿಗೈಯಾಗುತ್ತಾನೆ. ಸಿರಿಯ ದಿನಗಳ ಠೀವಿ ಕಳಚಿ ಸರಳ ಉಡುಪಿಗೆ ಇಳಿದಷ್ಟೂ ಆತ ನಮ್ಮ ಕಣ್ಣಲ್ಲಿ ದೊಡ್ಡವನಾಗುತ್ತಾನೆ. ಕನ್ನಡ ಸಿನಿಮಾ ಬಹುಕಾಲ ಸೂಟನ್ನು ಹೀಗೆಯೇ ಕಂಡಿತು: ಅದು ಕಳೆದುಕೊಳ್ಳಬಹುದಾದದ್ದು, ಮನುಷ್ಯ ಅದರ ಒಳಗಿರುವವನು. 2018ರ ‘ಕೆ.ಜಿ.ಎಫ್’ ಮತ್ತು 2022ರ ಅದರ ಮುಂದಿನ ಭಾಗ ಈ ಲೆಕ್ಕವನ್ನು ಮಗುಚಿದವು. ಸಿರಿವಂತನಾಗಿಯೇ ಸಾಯಬೇಕೆಂದು ತಾಯಿಗೆ ಮಾತು ಕೊಟ್ಟ ಹುಡುಗನಿಗೆ ಸೂಟು ಆ ಮಾತಿನ ರಸೀದಿ. ಎಪ್ಪತ್ತರ ದಶಕದ ಅಗಲ ಕಾಲರು, ಒಳಗೆ ವೇಸ್ಟ್‌ಕೋಟು, ಮೇಲೆ ಗಡ್ಡ. ಮೊದಲ ಕೆಲಸದ ಸಂದರ್ಶನಕ್ಕೆಂದು ಬೆಂಗಳೂರಿನಲ್ಲಿ ಸೂಟು ಹೊಲಿಸಿಕೊಂಡು ವಿಮಾನ ಹತ್ತಿದವರಿಗೆ ಈ ಭಾವ ಹೇಳಿಕೊಡಬೇಕಿಲ್ಲ. ರಾಲಿಗೆ ಬಂದ ಮೇಲೆ ಆ ಸೂಟು ಬೀರುವಿನಲ್ಲೇ ಉಳಿಯುತ್ತದೆ, ಏಕೆಂದರೆ ಇಲ್ಲಿ ಮ್ಯಾನೇಜರನೂ ಖಾಕಿಯಲ್ಲೇ ಬರುತ್ತಾನೆ.

ಬಾಂಡ್ ಪ್ರಸ್ತಾಪ ಬಂದದ್ದರಿಂದ ಒಂದು ಮಾತು. 1962ರ ‘ಡಾಕ್ಟರ್ ನೋ’ ಚಿತ್ರೀಕರಣಕ್ಕೆ ಮುನ್ನ ನಿರ್ದೇಶಕ ಟೆರೆನ್ಸ್ ಯಂಗ್, ಶಾನ್ ಕಾನರಿಗೆ ಹೊಸ ಸೂಟಿನಲ್ಲೇ ಮಲಗಿ ಏಳಲು ಹೇಳಿದನೆಂಬ ಕಥೆಯಿದೆ. ಬಟ್ಟೆ ಮೈಗೆ ಒಗ್ಗಿ, ತೊಟ್ಟವನಿಗೆ ಅದರ ನೆನಪೇ ಇರಬಾರದು ಎಂಬುದು ಉದ್ದೇಶ. ನನ್ನ ಅಜ್ಜ ಬಾಂಡ್ ಚಿತ್ರ ನೋಡಿದವನಲ್ಲ. ಆದರೆ ಉಟ್ಟ ಪಂಚೆಯಲ್ಲೇ ಮಲಗಿ, ನಸುಕಿಗೆದ್ದು, ಕಣ್ಣು ಪೂರ್ತಿ ಬಿಡುವ ಮೊದಲೇ ಅದನ್ನು ಬಿಚ್ಚಿ ಬಿಗಿದು ಕಟ್ಟಿಕೊಂಡು ಕೊಟ್ಟಿಗೆಗೆ ನಡೆಯುತ್ತಿದ್ದ.

ಇಲ್ಲಿ ಕನ್ನಡದ ಎರಡು ಕ್ರಿಯಾಪದಗಳನ್ನು ಗಮನಿಸಬೇಕು. ಪಂಚೆ, ಸೀರೆ ಉಡುತ್ತೇವೆ. ಅಂಗಿ, ಕೋಟು ತೊಡುತ್ತೇವೆ. ಉಡುಗೆ-ತೊಡುಗೆ ಎಂಬ ಜೋಡಿ ಬರಿಯ ಪ್ರಾಸವಲ್ಲ. ತೊಡುವ ಬಟ್ಟೆಯ ಕಲೆ ದರ್ಜಿಯ ಕೈಯಲ್ಲಿ ಮುಗಿದಿರುತ್ತದೆ. ಹಣ ಕೊಟ್ಟರೆ ಅದು ನಮ್ಮದು. ಉಡುವ ಬಟ್ಟೆಯನ್ನು ಪ್ರತಿಸಲವೂ ಉಡುವವನೇ ಹೊಸದಾಗಿ ಮಾಡಬೇಕು. ನಾಲ್ಕು ಮೊಳದ ಪಂಚೆಯನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸುವ ಬಿಗಿ, ಎಂಟು ಮೊಳದ್ದಕ್ಕೆ ನೆರಿಗೆ ಹಿಡಿದು ಕಚ್ಚೆ ಹಾಕುವ ಅಳತೆ ಬೆರಳುಗಳ ನೆನಪಿನಲ್ಲಿರುತ್ತದೆ. ರಾಲಿಯ ಮನೆಗಳಲ್ಲಿ ‘ಪಂಚೆ ಹಾಕ್ಕೊಂಡ್ ಬಾ’ ಎಂಬ ಮಾತು ಸಾಮಾನ್ಯ. ‘ಹಾಕು’ ಎರಡೂ ಕ್ರಿಯಾಪದಗಳನ್ನು ನುಂಗಿದೆ. ಸೊಂಟದಲ್ಲಿ ವೆಲ್ಕ್ರೊ ಪಟ್ಟಿ, ಪಕ್ಕದಲ್ಲಿ ಜೇಬು ಇರುವ ರೆಡಿಮೇಡ್ ಪಂಚೆ ವ್ಯಾಕರಣದ ಲೆಕ್ಕದಲ್ಲಿ ನಿಜಕ್ಕೂ ತೊಡುಗೆಯೇ.

ಸಿನಿಮಾ ತೊಡುಗೆಯನ್ನು ಕಲಿಸಬಲ್ಲದು, ಉಡುಗೆಯನ್ನು ಕಲಿಸಲಾರದು. 1972ರ ‘ಬಂಗಾರದ ಮನುಷ್ಯ’ದ ರಾಜೀವಪ್ಪನನ್ನು ನೋಡಿ ಪಟ್ಟಣದ ಹುಡುಗರು ಹಳ್ಳಿಗೆ ಮರಳಿದರೆಂಬ ಮಾತು ನಮ್ಮಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ಮರಳಿದವರಿಗೆ ಪಂಚೆ ಕಟ್ಟಲು ಆ ಚಿತ್ರವೇನೂ ಹೇಳಿಕೊಡಬೇಕಿರಲಿಲ್ಲ. 2022ರ ‘ಕಾಂತಾರ’ದ ಹೊತ್ತಿಗೆ ಪ್ರೇಕ್ಷಕ ಬದಲಾಗಿದ್ದ. ಪ್ರಗತಿ ಶೆಟ್ಟಿ ವಿನ್ಯಾಸ ಮಾಡಿದ ಆ ಉಡುಪುಗಳಲ್ಲಿ ಕುಂದಾಪುರದ ಕಡೆಯ ನಿತ್ಯದ ಲುಂಗಿ, ಮಾಸಿದ ಅಂಗಿಗಳಿವೆ. ಅಂಗಡಿಯ ಹೊಳಪು ಎಲ್ಲೂ ಇಲ್ಲ. ಹೊರನಾಡಿನಲ್ಲಿ ಅದನ್ನು ನೋಡಿದ ಹುಡುಗರು ಎತ್ತಿಕೊಂಡದ್ದು ಒಂದು ಚಲನೆಯನ್ನು: ಹಿಮ್ಮಡಿಯಿಂದ ಪಂಚೆಯ ಅಂಚನ್ನು ಚಿಮ್ಮಿಸಿ, ಕೈಯಲ್ಲಿ ಹಿಡಿದು, ಮೊಣಕಾಲ ಮೇಲಕ್ಕೆ ಎತ್ತಿ ಕಟ್ಟುವುದು. ದಕ್ಷಿಣ ಭಾರತದ ಯಾವ ಸಿನಿಮಾದಲ್ಲೂ ಹೊಡೆದಾಟಕ್ಕೆ ಮುನ್ನ ಇದು ಇದ್ದದ್ದೇ. ಕ್ಯಾಮೆರಾಕ್ಕೆ ಈ ಚಲನೆ ಬೇಕು, ಅದಕ್ಕೆ ಮೊದಲಿನ ಕಟ್ಟುವಿಕೆ ಬೇಡ. ನಾಯಕ ಪಂಚೆ ಉಡುವುದು ಯಾವಾಗಲೂ ಎರಡು ದೃಶ್ಯಗಳ ನಡುವಿನ ಕತ್ತರಿಯಲ್ಲಿ.

ಈ ಚಲನೆಯ ಇನ್ನೊಂದು ಅರ್ಧ ಪರದೆಯ ಹೊರಗೇ ಉಳಿದಿದೆ. ಎತ್ತಿ ಕಟ್ಟಿದ ಪಂಚೆಯನ್ನು ಹಿರಿಯರು ಎದುರು ಬಂದಾಗ, ದೇವಸ್ಥಾನದ ಬಾಗಿಲಲ್ಲಿ, ಇಳಿಬಿಡುವುದು. ಊರಿನಲ್ಲಿ ಇದನ್ನು ಯಾರೂ ಯಾರಿಗೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಗದ್ದೆಯ ಬದುವಿನಲ್ಲಿ ಮಾಸ್ತರು ಕಂಡರೆ ಕೈ ತಾನಾಗಿ ಸೊಂಟಕ್ಕೆ ಹೋಗುತ್ತಿತ್ತು. ಎತ್ತುವುದನ್ನು ಸಿನಿಮಾ ಸಾವಿರ ಸಲ ತೋರಿಸಿದೆ. ಇಳಿಸುವುದರಲ್ಲಿ ರೋಮಾಂಚನವಿಲ್ಲವಾದ್ದರಿಂದ ಆ ಶಾಟು ತೀರ ಅಪರೂಪ.

2015ರಲ್ಲಿ ರಾಲಿಯಲ್ಲಿ ಉತ್ತರ ಅಮೆರಿಕದ ಕನ್ನಡಿಗರ ‘ನಾವಿಕ’ ಸಮ್ಮೇಳನ ನಡೆದ ಕಾಲಕ್ಕೆ ಇಲ್ಲಿ ಆಟಿಕೆಯ ಎತ್ತಿನ ಗಾಡಿ ಎಳೆಯುತ್ತಿದ್ದ ಮಕ್ಕಳು ಈಗ ಹದಿಹರೆಯದವರು. ಅಂಥ ಹುಡುಗನೊಬ್ಬ ಈಚೆಗೆ ಒಂದು ರಾಜ್ಯೋತ್ಸವದಲ್ಲಿ ವೇದಿಕೆಯ ಮೇಲೆ ಕುಣಿದ. ಹಿಮ್ಮಡಿಯ ಚಿಮ್ಮು, ಗಂಟು, ತೊಡೆ ತಟ್ಟುವುದು ಎಲ್ಲ ಕರಾರುವಾಕ್ಕು. ಹಾಡು ಮುಗಿದು, ಬಹುಮಾನ ಕೊಡಲು ಊರಿನಿಂದ ಬಂದಿದ್ದ ಎಂಬತ್ತರ ಅಜ್ಜನೊಬ್ಬರು ಕೋಲೂರಿಕೊಂಡು ಮೇಲೆ ಹತ್ತಿದರು. ಪಕ್ಕದ ಪರದೆಯ ಮರೆಯಿಂದ ಅಪ್ಪ ಹಲ್ಲುಕಚ್ಚಿ ಪಿಸುಗುಟ್ಟಿದರು: “ಇಳಿಸೋ, ಇಳಿಸೋ!” ಹುಡುಗ ಒಂದು ಕ್ಷಣ ತಬ್ಬಿಬ್ಬಾದ. ಆಮೇಲೆ ಅಜ್ಜನಿಗೆ ನಮಸ್ಕಾರ ಮಾಡಿ, ಎತ್ತಿ ಕಟ್ಟಿದ ಪಂಚೆಯಲ್ಲೇ ಮೆಟ್ಟಿಲಿಳಿದು ಕೆಳಗೆ ಬಂದುಬಿಟ್ಟ.