ಬಳ್ಳಾರಿ ಜಾಲಿ ತೆಗೆದ ನಂತರ ಗೋಮಾಳಗಳಲ್ಲಿ ಹುಲ್ಲುಗಾವಲಿನ ಪುನಶ್ಚೇತನ

ಪೀಠಿಕೆ

ಕರ್ನಾಟಕದ ಒಣ ವಲಯಗಳ ಗೋಮಾಳ, ಕಾವಲು ಹಾಗೂ ಕೆರೆಯಂಗಳಗಳಲ್ಲಿ ಬಳ್ಳಾರಿ ಜಾಲಿಯು ದಟ್ಟವಾಗಿ ಹಬ್ಬಿ, ಹುಲ್ಲು ಬೆಳೆಯುತ್ತಿದ್ದ ನೆಲವನ್ನು ಆವರಿಸಿಕೊಂಡಿದೆ. ಅಮೆರಿಕ ಖಂಡಗಳ ಮೂಲದ ಈ ಗಿಡವನ್ನು 19ನೇ ಶತಮಾನದ ಉತ್ತರಾರ್ಧದಲ್ಲಿ ಭಾರತಕ್ಕೆ ತರಲಾಯಿತು. ಇತ್ತೀಚೆಗೆ ಅನೇಕ ಗ್ರಾಮಗಳಲ್ಲಿ ಇದನ್ನು ಯಂತ್ರಗಳಿಂದ ತೆಗೆಸಲಾಗುತ್ತಿದೆ. ಆದರೆ ಜಾಲಿ ತೆಗೆದ ಮಾತ್ರಕ್ಕೆ ಹುಲ್ಲು ಮರಳುವುದಿಲ್ಲ. ತೆರವಾದ ನೆಲವನ್ನು ಹಾಗೆಯೇ ಬಿಟ್ಟರೆ ಮೊದಲ ಮಳೆಗೆ ಪಾರ್ಥೇನಿಯಂ ಆವರಿಸುತ್ತದೆ. ಅದರ ಬೆನ್ನಿಗೇ ಜಾಲಿಯ ಚಿಗುರು ಮತ್ತು ಸಸಿಗಳು ಏಳುತ್ತವೆ. ಮಾಡಿದ ಖರ್ಚು ವ್ಯರ್ಥವಾಗುವುದಲ್ಲದೆ, ಕುರಿಗಾರರಿಗೆ ಅಲ್ಲಿ ಮೊದಲು ದೊರೆಯುತ್ತಿದ್ದ ಅಲ್ಪಸ್ವಲ್ಪ ಮೇವೂ ಇಲ್ಲವಾಗುತ್ತದೆ.

ಕರ್ನಾಟಕ ಭೂ ಕಂದಾಯ ನಿಯಮಗಳು, 1966ರ ಪ್ರಕಾರ ಪ್ರತಿ 100 ಜಾನುವಾರುಗಳಿಗೆ 12 ಹೆಕ್ಟೇರ್ ಗೋಮಾಳ ಇರಬೇಕು. ದಾಖಲೆಯಲ್ಲಿನ ಈ ವಿಸ್ತೀರ್ಣ ಮೇವಾಗುವುದು ಅಲ್ಲಿ ಹುಲ್ಲಿದ್ದಾಗ ಮಾತ್ರ. ಆದ್ದರಿಂದ ತೆರವು ಮತ್ತು ಪುನಶ್ಚೇತನವನ್ನು ಒಂದೇ ಕಾರ್ಯದ ಎರಡು ಭಾಗಗಳೆಂದು ಪರಿಗಣಿಸಬೇಕು.

ಜಾಲಿ ಮರಳಿ ಬರಲು ಕಾರಣಗಳು

1. ಬುಡದ ಚಿಗುರು: ನೆಲಮಟ್ಟಕ್ಕೆ ಕಡಿದ ಗಿಡವು ಬುಡದಲ್ಲಿರುವ ಸುಪ್ತ ಮೊಗ್ಗುಗಳಿಂದ ಹಲವು ಕವಲುಗಳಾಗಿ ಚಿಗುರುತ್ತದೆ. ಹೀಗೆ ಕಡಿದಷ್ಟೂ ಪೊದೆ ದಟ್ಟವಾಗುತ್ತದೆ.

2. ಬೀಜ ಸಂಗ್ರಹ: ಸಿಹಿಯಾದ ಕಾಯಿಗಳನ್ನು ದನ, ಕುರಿ, ಮೇಕೆಗಳು ತಿನ್ನುತ್ತವೆ. ಗಟ್ಟಿ ಸಿಪ್ಪೆಯ ಬೀಜಗಳಲ್ಲಿ ಹಲವು ಜೀರ್ಣವಾಗದೆ ಸಗಣಿ ಮತ್ತು ಹಿಕ್ಕೆಯೊಂದಿಗೆ ಹೊರಬಂದು ಮೊಳೆಯುತ್ತವೆ. ಮಣ್ಣಿನಲ್ಲಿ ಸೇರಿದ ಬೀಜಗಳು ಅನೇಕ ವರ್ಷ ಜೀವಂತವಾಗಿರುತ್ತವೆ.

3. ಮಣ್ಣಿನ ಸಾರಜನಕ: ಜಾಲಿಯು ಸಾರಜನಕ ಸ್ಥಿರೀಕರಿಸುವ ದ್ವಿದಳ ಜಾತಿಯ ಗಿಡ. ಅದರ ಕೆಳಗೆ ಹೆಚ್ಚಿದ ಸಾರಜನಕವನ್ನು ನಿಧಾನವಾಗಿ ಬೆಳೆಯುವ ದೇಶಿ ಹುಲ್ಲುಗಳಿಗಿಂತ ಮೊದಲು ಬಳಸಿಕೊಳ್ಳುವುದು ಶೀಘ್ರವಾಗಿ ಬೆಳೆಯುವ ಕಳೆಗಳು.

ತೆರವಿಗೆ ಮುನ್ನ

ಮೊದಲು ಸ್ಥಳ ಪರಿಶೀಲನೆ ಅಗತ್ಯ. ಪೊದೆಗಳ ನಡುವೆ ಹುಲ್ಲಿನ ಬುಡಗಳು ಇನ್ನೂ ಉಳಿದಿವೆಯೇ ಎಂಬುದನ್ನು ಮಳೆಗಾಲದ ಕೊನೆಯಲ್ಲಿ ಗುರುತಿಸಬೇಕು. ಬಹುಪಾಲು ಜಾಗದಲ್ಲಿ ಚದರ ಮೀಟರಿಗೆ ಒಂದೆರಡು ಬುಡಗಳಾದರೂ ಇದ್ದರೆ, ಬಿತ್ತನೆಗಿಂತ ಎರಡು ಮಳೆಗಾಲದ ವಿಶ್ರಾಂತಿಯೇ ಹೆಚ್ಚು ಫಲಕಾರಿ. ಅಂತಹ ನೆಲವನ್ನು ಉಳುಮೆ ಮಾಡಬಾರದು.

ಗೋಮಾಳವು ಸರ್ಕಾರಿ ಭೂಮಿಯಾದ ಕಾರಣ ಗ್ರಾಮ ಪಂಚಾಯಿತಿ ಮತ್ತು ಕಂದಾಯ ಇಲಾಖೆಯ ಒಪ್ಪಿಗೆ ಪಡೆಯಬೇಕು. ಕುರಿಗಾರರನ್ನು ಹಾಗೂ ಉರುವಲಿಗೆ ಜಾಲಿಯನ್ನೇ ಅವಲಂಬಿಸಿದ ಕುಟುಂಬಗಳನ್ನು ಚರ್ಚೆಗೆ ಕರೆಯುವುದು ಕಡ್ಡಾಯವೆಂದೇ ಭಾವಿಸಬೇಕು. ಇಡೀ ಗೋಮಾಳವನ್ನು ಒಮ್ಮೆಗೆ ಮುಚ್ಚಿದರೆ ಬಡ ಕುರಿಗಾರನಿಗೆ ಮಂದೆ ಮಾರುವುದರ ಹೊರತು ದಾರಿಯಿರುವುದಿಲ್ಲ. ಆದ್ದರಿಂದ ಪ್ರದೇಶವನ್ನು ಮೂರು ಭಾಗಗಳಾಗಿ ವಿಂಗಡಿಸಿ, ಒಂದು ಭಾಗದಲ್ಲಿ ಹುಲ್ಲು ನೆಲೆಗೊಂಡ ನಂತರವೇ ಮುಂದಿನ ಭಾಗವನ್ನು ಕೈಗೆತ್ತಿಕೊಳ್ಳುವುದು ಸೂಕ್ತ.

ತೆರವಿನ ವಿಧಾನ

• ಕಾಯಿ ಬಲಿತು ಉದುರುವ ಮುನ್ನವೇ ಗಿಡಗಳನ್ನು ತೆಗೆಯಬೇಕು.
• ಬುಡವನ್ನು ನೆಲದಿಂದ ಸುಮಾರು 30 ಸೆಂ.ಮೀ. ಆಳದವರೆಗೆ ಬೇರು ಸಹಿತ ಅಗೆದು ತೆಗೆಯಬೇಕು.
• ಯಂತ್ರ ಬಳಸಿದಲ್ಲಿ ಗುಂಡಿಗಳನ್ನು ಅಂದೇ ಮುಚ್ಚಿಸಬೇಕು. ಮೇಲ್ಮಣ್ಣನ್ನು ಒಟ್ಟಾರೆ ಕೆರೆದು ರಾಶಿ ಹಾಕಬಾರದು.
• ಬನ್ನಿ, ಕರಿಜಾಲಿ, ಬಿಳಿಜಾಲಿ, ಬೋರೆಯಂತಹ ಸ್ಥಳೀಯ ಗಿಡಗಳಿಗೆ ಮೊದಲೇ ಸುಣ್ಣದ ಗುರುತು ಹಾಕಿ ಉಳಿಸಿಕೊಳ್ಳಬೇಕು.
• ಕಾಯಿಯಿಲ್ಲದ ಮುಳ್ಳುಕೊಂಬೆಗಳನ್ನು ಸುತ್ತ ಬೇಲಿಗೆ ಬಳಸಬಹುದು. ದಪ್ಪ ಕಟ್ಟಿಗೆಯನ್ನು ಗ್ರಾಮದ ಕುಟುಂಬಗಳಿಗೆ ಹಂಚಬಹುದು.
• ಸಾರ್ವಜನಿಕ ಮೇವಿನ ನೆಲ ಮತ್ತು ಕೆರೆಯಂಗಳದಲ್ಲಿ ಕಳೆನಾಶಕ ಸಿಂಪಡಿಸುವುದನ್ನು ಕೈಬಿಡಬೇಕು.

ಬಿತ್ತನೆ

ಹುಲ್ಲಿನ ಬುಡಗಳು ಸಂಪೂರ್ಣ ನಶಿಸಿರುವ ಕಡೆ ಮಾತ್ರ ಬಿತ್ತನೆ ಮಾಡಬೇಕು. ಕೆಂಪು ಮಣ್ಣಿಗೆ ಅಂಜನ್ ಹುಲ್ಲು, ಕಪ್ಪು ಮಣ್ಣಿಗೆ ಮಾರ್ವೆಲ್ ಹುಲ್ಲು ಸೂಕ್ತ. ಅಂಜನ್ ಬೀಜ ಎಕರೆಗೆ ಸುಮಾರು 2 ಕಿ.ಗ್ರಾಂ. ಬೇಕಾಗುತ್ತದೆ. ಹೊಸದಾಗಿ ಕೊಯ್ದ ಬೀಜಕ್ಕೆ ಸುಪ್ತಾವಸ್ಥೆ ಇರುವುದರಿಂದ ಕೆಲವು ತಿಂಗಳು ಸಂಗ್ರಹಿಸಿಟ್ಟ ಹಿಂದಿನ ಹಂಗಾಮಿನ ಬೀಜವನ್ನೇ ಬಳಸಬೇಕು. ಬೀಜ ಹಗುರವಾಗಿದ್ದು ಗಾಳಿಗೆ ಹಾರುವ ಕಾರಣ ತೇವದ ಮಣ್ಣು ಅಥವಾ ಮರಳಿನೊಂದಿಗೆ ಬೆರೆಸಿ ಚೆಲ್ಲಿ, ಮುಳ್ಳುಕೊಂಬೆಯನ್ನು ಲಘುವಾಗಿ ಎಳೆದರೆ ಸಾಕು. ಒಂದು ಸೆಂ.ಮೀ.ಗಿಂತ ಆಳಕ್ಕೆ ಹೋದ ಬೀಜ ಸರಿಯಾಗಿ ಮೊಳೆಯುವುದಿಲ್ಲ. ಮಳೆ ಸ್ಥಿರಗೊಂಡ ನಂತರ ಬಿತ್ತುವುದು ಒಳಿತು. ಬಿಡಿ ಮಳೆಯನ್ನು ನಂಬಿ ಬಿತ್ತಿದರೆ ಮೊಳಕೆ ಒಣಗುತ್ತದೆ.

ಮೇವಿನ ಗುಣಮಟ್ಟ ಹೆಚ್ಚಿಸಲು ಸ್ಟೈಲೊ ದ್ವಿದಳ ಮೇವನ್ನು ಬೆರೆಸಬಹುದು. ಇದರ ಬೀಜವನ್ನು 80 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಸುಮಾರು 4 ನಿಮಿಷ ಅದ್ದಿ ತೆಗೆದು ನೆರಳಲ್ಲಿ ಒಣಗಿಸಿ ಬಿತ್ತಬೇಕು. ಆದರೆ ಸ್ಟೈಲೊ ಕೂಡ ಹೊರದೇಶದ ಸಸ್ಯ. ದೇಶಿ ಹುಲ್ಲುಗಳ ವೈವಿಧ್ಯ ಉಳಿದಿರುವ ಕಡೆ, ಮುಖ್ಯವಾಗಿ ಕೃಷ್ಣಮೃಗದಂತಹ ವನ್ಯಜೀವಿಗಳ ನೆಲೆಯಾದ ಕಾವಲುಗಳಲ್ಲಿ, ಇದನ್ನು ಬಿತ್ತಬಾರದು. ಹುಲ್ಲುಗಾವಲಿನಲ್ಲಿ ಗುಂಡಿ ತೆಗೆದು ಸಾಲುಮರ ನೆಡುವುದೂ ಪುನಶ್ಚೇತನವಲ್ಲ.

ಮೊದಲ ಮೂರು ವರ್ಷಗಳ ನಿರ್ವಹಣೆ

ಮೊದಲ ವರ್ಷ: ಮಳೆಗಾಲದಲ್ಲಿ ಮೇಯಿಸುವುದನ್ನು ಪೂರ್ಣವಾಗಿ ನಿಲ್ಲಿಸಬೇಕು. ಹುಲ್ಲಿನ ಬೀಜ ಉದುರಿದ ನಂತರ, 10ರಿಂದ 15 ಸೆಂ.ಮೀ. ಬುಡ ಬಿಟ್ಟು ಕೊಯ್ದು ಹಂಚಿಕೊಳ್ಳಬಹುದು. ಜಾಲಿಯ ಸಸಿಗಳನ್ನು ನೆಲ ಹಸಿಯಿರುವಾಗಲೇ ಬೇರು ಸಹಿತ ಕೀಳಬೇಕು. ಒಂದು ಬೇಸಿಗೆ ಕಳೆದರೆ ಅವು ಕೈಗೆ ಬರುವುದಿಲ್ಲ. ಪಾರ್ಥೇನಿಯಂ ಅನ್ನು ಹೂ ಬಿಡುವ ಮುನ್ನ, ಕೈಗವಸು ಮತ್ತು ಮುಖಗವಸು ಧರಿಸಿ ಕೀಳಬೇಕು. ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಲಾದ ಮೆಕ್ಸಿಕನ್ ದುಂಬಿಯು ಮಳೆಗಾಲದಲ್ಲಿ ಪಾರ್ಥೇನಿಯಂ ಎಲೆಗಳನ್ನು ತಿನ್ನುತ್ತದೆ. ದುಂಬಿ ಕಂಡ ಕಡೆ ಅದನ್ನು ಉಳಿಸಿಕೊಳ್ಳಬೇಕು. ಆದರೆ ಅದೊಂದನ್ನೇ ನೆಚ್ಚಬಾರದು.

ಎರಡನೆಯ ವರ್ಷ: ಬೀಜ ಉದುರಿದ ಬಳಿಕ ಮಿತವಾಗಿ ಮೇಯಿಸಬಹುದು. ಜಾಲಿ ಕಾಯಿ ತಿಂದ ಮಂದೆಯನ್ನು ಕನಿಷ್ಠ ಒಂದು ವಾರ ಬೇರೆಡೆ ಇರಿಸಿ ನಂತರ ಒಳಬಿಡಬೇಕು. ಕಾಯಿಯನ್ನು ಮೇವಾಗಿ ಬಳಸುವವರು ಬೀಜ ಸಹಿತ ನುಣ್ಣಗೆ ಪುಡಿ ಮಾಡಿ, ಇತರ ಆಹಾರದೊಂದಿಗೆ ಮಿತವಾಗಿ ನೀಡಬೇಕು.

ಮೂರನೆಯ ವರ್ಷ: ಸರದಿಯಂತೆ ಮೇಯಿಸುವ ಪದ್ಧತಿಗೆ ಬರಬಹುದು. ಸಸಿ ಕೀಳುವ ಕೆಲಸ ಮಾತ್ರ ಪ್ರತಿ ಮಳೆಗಾಲವೂ ಮುಂದುವರಿಯಬೇಕು.

ಪ್ರಗತಿಯ ಅಳತೆ

ಪ್ರತಿ ವರ್ಷ ಮಳೆಗಾಲದ ಕೊನೆಯಲ್ಲಿ ಹತ್ತು ಕಡೆ ಒಂದು ಮೀಟರ್ ಚೌಕವನ್ನು ಗುರುತಿಸಿ, ಬಹುವಾರ್ಷಿಕ ಹುಲ್ಲಿನ ಬುಡಗಳು, ಜಾಲಿ ಸಸಿಗಳು ಮತ್ತು ಬರಿನೆಲದ ಪ್ರಮಾಣವನ್ನು ಬರೆದಿಡಬೇಕು. ಬುಡಗಳು ಹೆಚ್ಚುತ್ತಾ ಬರಿನೆಲ ಕಡಿಮೆಯಾಗುತ್ತಿದ್ದರೆ ಕಾರ್ಯ ಸರಿದಾರಿಯಲ್ಲಿದೆ. ಹಸಿರು ಕಂಡರೂ ಅದು ಏಕವಾರ್ಷಿಕ ಕಳೆಯದ್ದಾಗಿದ್ದರೆ ಮತ್ತೊಂದು ಮಳೆಗಾಲದ ವಿಶ್ರಾಂತಿ ಬೇಕು.

ತೆರವಿಗೆಂದು ಹಣ ಮಂಜೂರಾದಾಗ ಅದರ ಒಂದು ಪಾಲನ್ನು ಮುಂದಿನ ಮೂರು ವರ್ಷಗಳ ಕಾವಲು ಮತ್ತು ಸಸಿ ಕೀಳುವ ಕೂಲಿಗೆ ಮೀಸಲಿಡುವುದು ಅತ್ಯಗತ್ಯ. ಅಷ್ಟು ಹಣ ಇಲ್ಲವೆಂದಾದರೆ ತೆರವಿನ ವಿಸ್ತೀರ್ಣವನ್ನೇ ಕಡಿಮೆ ಮಾಡಿಕೊಳ್ಳಬೇಕು. ಕಾಪಾಡಲಾಗದ ಐವತ್ತು ಎಕರೆಗಿಂತ ಕಾಪಾಡಿದ ಐದು ಎಕರೆ ಮೇಲು. ಬೀಜದ ಲಭ್ಯತೆ ಮತ್ತು ಸ್ಥಳಕ್ಕೆ ಹೊಂದುವ ತಳಿಗಳ ಮಾಹಿತಿಗಾಗಿ ಸಮೀಪದ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.