ನಂಬರ್ ಒಂದೇ, ತೋಟಾ ಬೇರೆ

ಪುಣೆಯಲ್ಲಿರುವವರಿಗೆ ಖಡಕಿ ಹೊಸದಲ್ಲ. ಅಲ್ಲಿನ ಮದ್ದುಗುಂಡು ಕಾರ್ಖಾನೆ ಶುರುವಾದದ್ದು 1869ರಲ್ಲಿ. ಅಲ್ಲಿ ತಯಾರಾದ ತೋಟಾಗಳ ತಳದಲ್ಲಿ 'ಕೆ ಎಫ್' ಎಂಬ ಅಕ್ಷರ, ಪಕ್ಕದಲ್ಲಿ ವರ್ಷ ಒತ್ತಿರುತ್ತದೆ. ಕಾಳಿನಷ್ಟು ಚಿಕ್ಕ ಅಕ್ಷರ. ಆದರೆ ಅದನ್ನು ಓದದೆ ಕುದುರೆ ಎಳೆದವನಿಗೆ ಕಣ್ಣೇ ಹೋಗಬಹುದು. ಯಾಕೆ ಅಂತೀರಾ?

ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಗೂಡಿಗೆ ಚೇಂಬರ್ ಎನ್ನುತ್ತಾರೆ. ಮದ್ದು ಉರಿದಾಗ ಹಿತ್ತಾಳೆಯ ಕವಚ ಉಬ್ಬಿ ಈ ಗೂಡಿನ ಗೋಡೆಗೆ ಅಂಟಿಕೊಳ್ಳುತ್ತದೆ, ಬಿಸಿ ಅನಿಲ ಹಿಂದಕ್ಕೆ ನುಗ್ಗದಂತೆ ತಡೆಯುತ್ತದೆ. ಗೂಡು ದೊಡ್ಡದಾಗಿ ತೋಟಾ ಚಿಕ್ಕದಾದರೆ ಕವಚ ಸೀಳಿ ಅನಿಲ ಹೊಡೆಯುವವನ ಮುಖಕ್ಕೇ ಬರುತ್ತದೆ. ನಳಿಗೆಗಿಂತ ಗುಂಡು ದಪ್ಪವಾದರೆ ಒತ್ತಡ ಏರಿ ಕೋವಿಯೇ ಒಡೆಯಬಹುದು.

ಈ ಪಾಠವನ್ನು ಚೆನ್ನಾಗಿ ಕಲಿತವರು ಜರ್ಮನ್ನರು. 1888ರಲ್ಲಿ ಅವರ ಸೈನ್ಯಕ್ಕೆ ಬಂದ ರೈಫಲ್ಲಿನ ಗುಂಡಿನ ದಪ್ಪ ಸುಮಾರು 8.08 ಮಿಲಿಮೀಟರ್. 1905ರ ಹೊತ್ತಿಗೆ ಚೂಪು ಮೂತಿಯ ಹೊಸ ಗುಂಡು ಬಂತು, ದಪ್ಪ 8.2 ಮಿಲಿಮೀಟರ್. ವ್ಯತ್ಯಾಸ ಒಂದು ಮಿಲಿಮೀಟರಿನ ಎಂಟನೇ ಒಂದು ಭಾಗ, ಅಷ್ಟೇ! ಕವಚದ ಉದ್ದ ಮಾತ್ರ ಎರಡರದೂ 57 ಮಿಲಿಮೀಟರ್. ಕಣ್ಣಿಗೆ ಅವಳಿ ಮಕ್ಕಳಂತೆ ಕಾಣುವ ತೋಟಾಗಳು. ಅದಕ್ಕೇ ಹೊಸ ಗುಂಡಿಗೆ ಹೊಂದಿಸಿದ ಹಳೆಯ ರೈಫಲ್‌ಗಳ ಮೇಲೆ 'ಎಸ್' ಎಂಬ ಅಕ್ಷರ ಕೊರೆದರು. ಆ ಒಂದು ಅಕ್ಷರ ಸೈನಿಕನ ಪ್ರಾಣ ಕಾಯುತ್ತಿತ್ತು.

ಬ್ರಿಟಿಷರು ಅದೇ 1888ರಲ್ಲಿ ತಂದದ್ದು ನಮಗೆಲ್ಲ ಗೊತ್ತಿರುವ ತ್ರೀ ನಾಟ್ ತ್ರೀ. .303 ಎಂದರೆ ನಳಿಗೆಯೊಳಗಿನ ಏಣುಗಳ ನಡುವಿನ ಅಳತೆ, ಇಂಚಿನಲ್ಲಿ. ಗುಂಡು ಅದಕ್ಕಿಂತ ತುಸು ದಪ್ಪ, ಸುಮಾರು .311 ಇಂಚು. ಅಂದರೆ ಹೆಸರಲ್ಲಿರುವ ಅಂಕಿಯೇ ಗುಂಡಿನ ಅಳತೆಯಲ್ಲ. ಹೆಸರು ನಂಬಿ ಮೋಸ ಹೋಗುವುದು ಇಲ್ಲಿಂದಲೇ ಶುರು.

ನಮ್ಮ ದೇಶದ ಕಥೆಗೆ ಬರೋಣ. 1962ರ ಚೀನಾ ಯುದ್ಧದ ನಂತರ ಬಂಗಾಳದ ಇಚ್ಛಾಪುರ ರೈಫಲ್ ಕಾರ್ಖಾನೆ ಒಂದು ಜಾಣತನ ಮಾಡಿತು. ಹಳೆಯ .303ರ ವಿನ್ಯಾಸವನ್ನೇ ಇಟ್ಟುಕೊಂಡು 7.62 ಮಿಲಿಮೀಟರಿನ ತೋಟಾಕ್ಕೆ ಹೊಸ ರೈಫಲ್ ಕಟ್ಟಿತು. ಈ ತೋಟಾದ ಒತ್ತಡ ಹೆಚ್ಚು, ಹಾಗಾಗಿ ಇನ್ನೂ ಗಟ್ಟಿ ಉಕ್ಕು ಬಳಸಿತು. 2ಎ, 2ಎ1 ಎಂದು ಹೆಸರು. ದೂರದಿಂದ ನೋಡಿದರೆ ಅಣ್ಣ ತಮ್ಮಂದಿರಂತೆ ಇವೆ. ಆದರೆ .303ರ ಕವಚಕ್ಕೆ ತಳದಲ್ಲಿ ಹೊರಚಾಚಿದ ಅಂಚು ಇದೆ, 7.62ರದಕ್ಕೆ ಇಲ್ಲ. 2ಎ1ರ ಮ್ಯಾಗಜಿನ್ ಚೌಕಾಕಾರ. ಒಂದರ ತೋಟಾ ಇನ್ನೊಂದಕ್ಕೆ ಸಲ್ಲದು, ಒತ್ತಿ ತುರುಕಲೂ ಬಾರದು.

ಗೊಂದಲ ಅಲ್ಲಿಗೇ ಮುಗಿಯಲಿಲ್ಲ. ಇಚ್ಛಾಪುರ ರೈಫಲ್ಲಿಗೂ ಎಸ್‌ಎಲ್‌ಆರ್‌ಗೂ ಹಾಕುವುದು 51 ಮಿಲಿಮೀಟರ್ ಉದ್ದದ ಕವಚದ 7.62. ಎಕೆ ರೈಫಲ್ಲಿಗೆ 39 ಮಿಲಿಮೀಟರಿನದು. ದ್ರಾಗುನೋವ್ ರೈಫಲ್ಲಿಗೆ 54 ಮಿಲಿಮೀಟರಿನ, ಅಂಚುಳ್ಳ ತೋಟಾ. ಮೂರಕ್ಕೂ ಹೆಸರು 7.62! ನಮ್ಮ ಪಡೆಗಳಲ್ಲಿ ಮೂರೂ ಬಳಕೆಗೆ ಬಂದವು. ಉಗ್ರಾಣದವನು 'ಸೆವೆನ್ ಸಿಕ್ಸ್ ಟೂ ಕೊಡಿ' ಎಂಬ ಮಾತು ಕೇಳಿ ಪೆಟ್ಟಿಗೆ ಎತ್ತಿಕೊಟ್ಟರೆ ಸಾಲದು, ಯಾವ ಉದ್ದದ್ದು ಎಂದು ಕೇಳಲೇಬೇಕು.

ಮುಂಬೈ ಕೇಳುಗರಿಗೆ ನೆನಪಿರಬಹುದು, 2008ರ ನವೆಂಬರ್ 26ರ ರಾತ್ರಿ ಛತ್ರಪತಿ ಶಿವಾಜಿ ಟರ್ಮಿನಸ್‌ನಲ್ಲಿ ಕೆಲವು ಪೊಲೀಸರ ಕೈಯಲ್ಲಿದ್ದದ್ದು ಅದೇ .303. ಉತ್ತರ ಪ್ರದೇಶದ ಪೊಲೀಸರು ಅದಕ್ಕೆ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದಂದು. ನೂರು ವರ್ಷ ಮೀರಿ ಬಾಳಿದ ತೋಟಾ ಅದು.

ಇದೆಲ್ಲ ನಮಗೇಕೆ ಎಂದು ಕೇಳಬೇಡಿ. ನಮ್ಮ ಕೇಳುಗರಲ್ಲಿ ಕೊಡಗಿನವರಿದ್ದೀರಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷ ಮುಂದುವರಿಸಿತು. ಕೈಲ್ ಪೊಳ್ದ್ ಹಬ್ಬಕ್ಕೆ ಊರಿಗೆ ಹೋದಾಗ ತಾತನ ಕಾಲದ ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತೀರಿ. ಮಾಡಿ, ಸಂತೋಷ. ಆದರೆ ಈಡು ಹೊಡೆಯುವ ಮುನ್ನ ಮೂರು ಕೆಲಸ ಮರೆಯಬೇಡಿ. ನಳಿಗೆಯ ಮೇಲಿನ ಗುರುತು ಓದಿ. ತೋಟಾದ ತಳವನ್ನೂ ಪೆಟ್ಟಿಗೆಯನ್ನೂ ಓದಿ. ಎರಡೂ ಅಕ್ಷರಕ್ಕೆ ಅಕ್ಷರ ತಾಳೆಯಾಗದಿದ್ದರೆ, ಅಥವಾ ಗುರುತು ಸವೆದು ಹೋಗಿದ್ದರೆ, ಬಲ್ಲ ಕೋವಿ ರಿಪೇರಿಯವರಿಗೆ ತೋರಿಸುವ ತನಕ ಹಾಗೇ ಇಟ್ಟುಬಿಡಿ. 'ಒಳಗೆ ಹೋಯಿತಲ್ಲ, ಸರಿಯಾಗೇ ಇರಬೇಕು' ಎಂಬ ಮಾತು ಮಾತ್ರ ಬೇಡ. ಹೋಗುವುದು ಬೇರೆ, ಹೊಂದುವುದು ಬೇರೆ.