‘ಇನ್ನು ಮನೆಗೆ ಕರ್ಕೊಂಡು ಹೋಗಿ’ ಅಂದ ಮೇಲೆ

“ಇನ್ನು ನಮ್ಮ ಕೈಲಿ ಏನೂ ಇಲ್ಲ, ಮನೆಗೆ ಕರ್ಕೊಂಡು ಹೋಗಿ.” ದೊಡ್ಡಾಸ್ಪತ್ರೆಯ ಈ ಮಾತು ಕೇಳದ ಊರಿಲ್ಲ. ಕ್ಯಾನ್ಸರ್ ಇರಲಿ, ಲಕ್ವ ಇರಲಿ, ಕಿಡ್ನಿ ಕೈಕೊಟ್ಟಿರಲಿ, ಆಂಬುಲೆನ್ಸ್ ತಿರುಗಿ ಹೋದ ಮೇಲೆ ಉಳಿಯುವುದು ಒಂದು ಮಂಚ, ಒಬ್ಬ ರೋಗಿ, ಕಂಗಾಲಾದ ಒಂದು ಮನೆ. ಆಮೇಲಿನ ದಿನಗಳು ಯಾರ ಜವಾಬ್ದಾರಿ? ಪಕ್ಕದ ಕೇರಳದ ಜನ ಇದಕ್ಕೆ ತಾವೇ ಒಂದು ಉತ್ತರ ಕಂಡುಕೊಂಡರು. ಆ ಕಥೆಯನ್ನು ಇವತ್ತು ಹೇಳುತ್ತೇವೆ.

ಮೂಲ ಲಂಡನ್ನಿನಲ್ಲಿದೆ. ಸಿಸಿಲಿ ಸಾಂಡರ್ಸ್ ಎಂಬಾಕೆ ಮೊದಲು ನರ್ಸ್, ಆಮೇಲೆ ಸಮಾಜ ಕಾರ್ಯಕರ್ತೆ, ಕೊನೆಗೆ ಡಾಕ್ಟರ್ ಆದವರು. 1967ರಲ್ಲಿ ಅವರು ಸೇಂಟ್ ಕ್ರಿಸ್ಟೋಫರ್ಸ್ ಎಂಬ ಆರೈಕೆ ಕೇಂದ್ರ ತೆರೆದರು. ರೋಗಿಯ ನೋವು ಮೈಯದ್ದಷ್ಟೇ ಅಲ್ಲ, ದುಡ್ಡಿನ ಚಿಂತೆ, ಒಂಟಿತನ, ಸಾವಿನ ಭಯ ಎಲ್ಲ ಸೇರಿದ್ದು ಎಂದು ಅವರು ತೋರಿಸಿದರು. ಹಾಗಾಗಿ ಆರೈಕೆಯೂ ಅಷ್ಟಕ್ಕೂ ಸಿಗಬೇಕು. ಇದಕ್ಕೇ ಪ್ಯಾಲಿಯೇಟಿವ್ ಕೇರ್, ಅಂದರೆ ಉಪಶಮನ ಆರೈಕೆ ಎನ್ನುತ್ತಾರೆ.

ನಮ್ಮ ದೇಶದಲ್ಲಿ ಇಂಥ ಮೊದಲ ಕೇಂದ್ರ 1986ರಲ್ಲಿ ಮುಂಬೈಯಲ್ಲಿ ಶುರುವಾಯಿತು, ಹೆಸರು ಶಾಂತಿ ಅವೇದನ. ಆದರೆ ಒಂದು ತೊಡಕಿತ್ತು. ತಡೆಯಲಾಗದ ನೋವಿಗೆ ಬೇಕಾದ ಮಾರ್ಫಿನ್ ಬರುವುದು ಅಫೀಮಿನಿಂದ. ಅಫೀಮು ನಮ್ಮ ದೇಶದಲ್ಲೇ ಬೆಳೆಯುತ್ತದೆ. ಆದರೂ 1985ರ ಮಾದಕ ವಸ್ತು ಕಾಯ್ದೆ ಬಂದ ಮೇಲೆ ಲೈಸೆನ್ಸುಗಳ ಕಾಟಕ್ಕೆ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. ಆ ಕಾಯ್ದೆಯ ಬಿಗಿ ಸಡಿಲವಾಗಿದ್ದು 2014ರಲ್ಲಿ. ಅಲ್ಲಿಯವರೆಗೆ ಎಷ್ಟೋ ಜನ ನರಳಿಯೇ ಹೋದರು.

1993ರಲ್ಲಿ ಕಲ್ಲಿಕೋಟೆಯ ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಗೆಳೆಯರು ಒಂದು ಸೊಸೈಟಿ ಕಟ್ಟಿ ನೋವಿನ ಕ್ಲಿನಿಕ್ ನಡೆಸತೊಡಗಿದರು. ಬಲುಬೇಗ ಒಂದು ವಿಷಯ ಅರ್ಥವಾಯಿತು. ಹಾಸಿಗೆ ಹಿಡಿದವರು ಕ್ಲಿನಿಕ್ಕಿಗೆ ಬರಲಾರರು, ಎಲ್ಲರ ಮನೆಗೂ ಹೋಗಲು ಡಾಕ್ಟರುಗಳು ಸಾಲರು.

ಹಾಗಾದರೆ ಯಾರು ಹೋಗಬೇಕು? ನೆರೆಹೊರೆಯವರು! 1999ರ ಹೊತ್ತಿಗೆ ಮಲಪ್ಪುರಂ ಮತ್ತು ಸುತ್ತಲಿನ ಜಿಲ್ಲೆಗಳಲ್ಲಿ ನೆರೆಹೊರೆ ಜಾಲ ಹುಟ್ಟಿತು. ವಾರಕ್ಕೆ ಎರಡು ಗಂಟೆಯಾದರೂ ಕೊಡಬಲ್ಲವರಿಗೆ ತರಬೇತಿ ಕೊಟ್ಟರು. ಅವರು ಊರಿನಲ್ಲಿ ಹಾಸಿಗೆ ಹಿಡಿದವರು ಯಾರ್‍ಯಾರು ಎಂದು ಪಟ್ಟಿ ಮಾಡಿದರು. ಮಗ್ಗುಲು ಬದಲಿಸಿ ಬೆನ್ನುಹುಣ್ಣು ಆಗದಂತೆ ನೋಡುವುದು, ಗಾಯ ತೊಳೆಯುವುದು, ಬಾಯಿ ಒರೆಸುವುದು ಹೇಗೆಂದು ಮನೆಯವರಿಗೆ ಕಲಿಸಿದರು. ಅಕ್ಕಿ ಮುಗಿದಿದ್ದರೆ ಅಕ್ಕಿ, ಮಕ್ಕಳಿಗೆ ಶಾಲೆಯ ಪುಸ್ತಕ. ಏನೂ ಬೇಡದವರ ಪಕ್ಕ ಸುಮ್ಮನೆ ಕೂತು ಮಾತಾಡಿದರು. ಹಣ ಬಂದಿದ್ದು ಹೆಚ್ಚಾಗಿ ಊರವರ ಚಿಲ್ಲರೆ ಕಾಸಿನಿಂದ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಈ ಆರೈಕೆ ಔಷಧಿಯ ಬದಲಿಗೆ ಬಂದದ್ದಲ್ಲ. ಬೆನ್ನಿಗೆ ನರ್ಸ್ ಇದ್ದರು, ಡಾಕ್ಟರ್ ಇದ್ದರು, ಮಾರ್ಫಿನ್ ಮಾತ್ರೆ ಇತ್ತು. ‘ನಮ್ಮ ಪುಡಿ ತಿಂದರೆ ಕ್ಯಾನ್ಸರ್ ವಾಸಿ’ ಎನ್ನುವವರ ಮಾತಿಗೆ ಹೊಲ ಮಾರಿದವರು ನಮ್ಮ ಕಡೆಯೂ ಇದ್ದಾರೆ. ಈ ನೆರೆಹೊರೆಯವರು ವಾಸಿ ಮಾಡುತ್ತೇವೆ ಎನ್ನಲಿಲ್ಲ. ಜೊತೆಗಿರುತ್ತೇವೆ ಎಂದರು, ಇದ್ದರು.

2008ರಲ್ಲಿ ಕೇರಳ ಸರ್ಕಾರ ಉಪಶಮನ ಆರೈಕೆಯ ನೀತಿ ತಂದಿತು. ಮುಂದೆ ಪಂಚಾಯಿತಿಗಳೇ ನರ್ಸ್ ಇಟ್ಟು ಮನೆ ಮನೆಗೆ ಕಳಿಸತೊಡಗಿದವು. ಅಲ್ಲಿ ಪ್ರತಿ ವರ್ಷ ಜನವರಿ 15 ಉಪಶಮನ ಆರೈಕೆಯ ದಿನ.

ನಮ್ಮಲ್ಲಿ? ಬೆಂಗಳೂರಿನಲ್ಲಿ 1994ರಲ್ಲಿ ಹುಟ್ಟಿದ ಟ್ರಸ್ಟಿನ ‘ಕರುಣಾಶ್ರಯ’ ಇದೆ. ಕೊನೆ ಹಂತದ ಕ್ಯಾನ್ಸರ್ ರೋಗಿಗಳನ್ನು ಅಲ್ಲಿ ಹಣ ಪಡೆಯದೆ ನೋಡಿಕೊಳ್ಳುತ್ತಾರೆ. ಆದರೆ ಎಲ್ಲರೂ ಬೆಂಗಳೂರಿಗೆ ಹೋಗಲಾದೀತೇ? ನಿಮ್ಮೂರ ಹತ್ತಿರದ ಆಯುಷ್ಮಾನ್ ಆರೋಗ್ಯ ಮಂದಿರ ಕೊಡಬೇಕಾದ ಸೇವೆಗಳ ಪಟ್ಟಿಯಲ್ಲಿ ಉಪಶಮನ ಆರೈಕೆಯೂ ಇದೆ. ಅದು ಸಿಗುತ್ತಿದೆಯೇ ಎಂದು ಆಶಾ ಅಕ್ಕನನ್ನು ಕೇಳಿ, ಗ್ರಾಮಸಭೆಯಲ್ಲೂ ಕೇಳಿ. ಅದಕ್ಕೂ ಮೊದಲು ನಿಮ್ಮ ಬೀದಿಯಲ್ಲಿ ಹಾಸಿಗೆ ಹಿಡಿದವರು ಎಷ್ಟು ಮಂದಿ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಮಲಪ್ಪುರಂನ ಜನ ಶುರು ಮಾಡಿದ್ದೂ ಅಂಥದ್ದೇ ಪಟ್ಟಿಯಿಂದ.